ಕಡಲ ಕಡೆಯ ಗೋಡೆ

ಫೋನ್ ಮಾಡಿದ ಹೆಣ್ಣುಮಗಳು ಹೆಸರು ಹೇಳಲಿಲ್ಲ, ನಮಸ್ಕಾರ ಅನ್ನಲಿಲ್ಲ. ಎತ್ತಿದ ಕೂಡಲೇ, "ಅಲ್ರೀ, ಮುರದದ್ದು ಜೋಡಸೋರು ನೀವ ಏನ್ರೀ?" ಅಂತ ಕೇಳಿದರು.

ಹೌದು ಅಂದೆ.

"ಕೋಟೆ ಜೋಡಸ್ತೀರೇನು?"

"ಯಾವ ಊರಿನ ಕೋಟೆ, ಅಕ್ಕಾರ?"

"ರಶಿಯಾದ್ದು. ನಮ್ಮ ಮಗ್ಗಲ ಮನಿ ಗ್ಯಾರೇಜಿನ್ಯಾಗ ಐತಿ. ನಗಬ್ಯಾಡ್ರಿ, ಖರೇನ ಹೇಳಾಕತ್ತೀನಿ."

ನಾನು ಮೆಲ್ಬರ್ನಿನ ಉತ್ತರದ ತುದಿಯ ಕ್ರೇಗಿಬರ್ನ್‌ನಲ್ಲಿ ಒಂದು ಶೆಡ್ ಹಿಡಿದು, ಹಳೆಯ ಮರದ ಸಾಮಾನು, ಗಡಿಯಾರದ ಪೆಟ್ಟಿಗೆ, ಪ್ರದರ್ಶನಕ್ಕಿಡುವ ಮಾದರಿಗಳು, ಇಂಥವನ್ನು ದುರಸ್ತಿ ಮಾಡುವವನು. ಫೋನಿನ ಆಚೆ ಇದ್ದವರು ಸಿಡ್ನಿಯ ಗಿರಾವೀನ್‌ನವರು, ಮೂಲ ಹುಬ್ಬಳ್ಳಿ. ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಪ್ರಸಾದ ತಿನ್ನುತ್ತಾ ಯಾರೋ ನನ್ನ ನಂಬರು ಕೊಟ್ಟಿದ್ದರಂತೆ. ಅವರ ಪಕ್ಕದ ಮನೆಯಲ್ಲಿ ರಷ್ಯನ್ ಅಜ್ಜಿಯೊಬ್ಬರು ಇದ್ದರು. ಮನೆ ಮಾರಿ ಮೆಲ್ಬರ್ನಿನಲ್ಲಿರುವ ಮಗಳ ಹತ್ತಿರ ಹೊರಟಿದ್ದರು. ಗ್ಯಾರೇಜಿನಲ್ಲಿ ಅವರ ತಂದೆ ಕೈಯಾರೆ ಮಾಡಿದ ಒಂದು ಕೋಟೆಯ ಮಾದರಿ ಇತ್ತು. ಮೆಲ್ಬರ್ನಿನಲ್ಲಿ ಅವರ ಜನರದ್ದೊಂದು ಸಭಾಭವನ ಇದೆ, ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡಲು ಒಪ್ಪಿದ್ದರು. ಆದರೆ ಮಾದರಿ ಅರ್ಧಂಬರ್ಧ ಆಗಿತ್ತು. ಅದನ್ನು ಒಯ್ಯಬೇಕು, ರಿಪೇರಿ ಮಾಡಬೇಕು, ಪೂರ್ತಿ ಮಾಡಬೇಕು.

"ನಾ ಅಜ್ಜಿಗೆ ಹೇಳೇನಿ, ನಮ್ಮೋರ ಒಬ್ಬರು ಅದಾರ, ಚಿಂತಿ ಮಾಡಬ್ಯಾಡ ಅಂತ," ಅಂದರು ಹುಬ್ಬಳ್ಳಿ ಅಕ್ಕ. "ಈಗ ನೀವು ಬರಂಗಿಲ್ಲ ಅಂದ್ರ ನನ್ನ ಮಾರಿ ಹೋಗತೈತಿ ನೋಡ್ರಿ."

ಕಾಣದ ಊರಿನ ಕಾಣದ ಅಕ್ಕನ ಮುಖ ಉಳಿಸಲು ನಾನು ಸಿಡ್ನಿಗೆ ವಿಮಾನ ಹತ್ತಿದೆ.

ಅಜ್ಜಿ ತೆಳ್ಳಗೆ, ನೆಟ್ಟಗೆ ಇದ್ದರು. ಕಣ್ಣಿನ ನಡುಭಾಗ ಮಸುಕಾಗುತ್ತಾ ಬಂದಿತ್ತು. ಎದುರಿಗಿದ್ದವರನ್ನು ನೋಡಲು ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ಅವರ ಇಂಗ್ಲಿಷಿನಲ್ಲಿ ರಷ್ಯಾದ ವಾಸನೆ, ನನ್ನದರಲ್ಲಿ ಬೆಳಗಾವಿಯದ್ದು. ಆದರೂ ಒಬ್ಬರ ಮಾತು ಒಬ್ಬರಿಗೆ ತಿಳಿಯಿತು. ಅವರ ಮಾತನ್ನು ಇಲ್ಲಿ ನನಗೆ ಬರುವ ಕನ್ನಡದಲ್ಲೇ ಹೇಳುತ್ತೇನೆ.

ಗ್ಯಾರೇಜಿನಲ್ಲಿ ಹಳೆಯ ಹಾಸಿಗೆ ಹೊದಿಕೆ ಎಳೆದೆ. ದೊಡ್ಡ ಊಟದ ಮೇಜಿನಷ್ಟು ಅಗಲದ ಹಲಗೆಯ ಮೇಲೆ ಒಂದಿಡೀ ಕೋಟೆ. ಮೂಲೆಗಳಲ್ಲಿ ದುಂಡನೆಯ ಬುರುಜುಗಳು, ಅವುಗಳ ಮೇಲೆ ಚೂಪು ಟೋಪಿಯಂಥ ಮರದ ಚಾವಣಿ, ಒಳಗೆ ಈರುಳ್ಳಿ ಆಕಾರದ ಗುಮ್ಮಟಗಳ ಇಗರ್ಜಿಗಳು. ಗೋಡೆಗಳಿಗೆ ಮಾತ್ರ ನಿಜವಾದ ಕಲ್ಲು. ಕಡಲೆಕಾಳಿನಿಂದ ನೆಲ್ಲಿಕಾಯಿಯವರೆಗಿನ ಗುಂಡುಗಲ್ಲುಗಳನ್ನು ಒಂದೊಂದಾಗಿ ಆರಿಸಿ, ದೊಡ್ಡವನ್ನು ಕೆಳಗೆ, ಸಣ್ಣವನ್ನು ಮೇಲೆ ಇಟ್ಟು ಅಂಟಿಸಿದ್ದರು. ಮೂರು ಕಡೆ ಹಾಗಿತ್ತು. ನಾಲ್ಕನೆಯ ಕಡೆ ಗೋಡೆಯೆತ್ತರಕ್ಕೆ ನಿಲ್ಲಿಸಿದ ಬರೀ ಬೋಳು ಹಲಗೆ.

"ಅದು ಕಡಲ ಕಡೆ," ಅಂದರು ಅಜ್ಜಿ.

ರಷ್ಯಾದ ಉತ್ತರಕ್ಕೆ ಶ್ವೇತ ಸಮುದ್ರ ಅಂತ ಇದೆ. ಅದರ ನಡುವೆ ಸೊಲೊವೆಟ್ಸ್ಕಿ ಎನ್ನುವ ದ್ವೀಪಗಳ ಗುಂಪು. ವರ್ಷದಲ್ಲಿ ಎಷ್ಟೋ ತಿಂಗಳು ಸುತ್ತಲಿನ ನೀರು ಹೆಪ್ಪುಗಟ್ಟಿ ಹಡಗು ಓಡುವುದಿಲ್ಲ. ಶತಮಾನಗಳ ಹಿಂದೆ ಸನ್ಯಾಸಿಗಳು ಅಲ್ಲಿಗೆ ಹೋಗಿ ಮಠ ಕಟ್ಟಿದರು, ಮಠದ ಸುತ್ತ ಎಮ್ಮೆಗಾತ್ರದ ಬಂಡೆಗಳ ಕೋಟೆ ಎಬ್ಬಿಸಿದರು. ಕ್ರಾಂತಿಯಾದ ಮೇಲೆ ಸರ್ಕಾರ ಮಠವನ್ನು ಮುಚ್ಚಿ ಅದೇ ಗೋಡೆಗಳೊಳಗೆ ಕೈದಿಗಳನ್ನು ತುಂಬಿತು. ಅಜ್ಜಿಯ ತಂದೆ ಅಲ್ಲಿಗೆ ಹೋದದ್ದು ಕೈದಿಯಾಗಿ, ಮೀಸೆ ಇನ್ನೂ ಸರಿಯಾಗಿ ಬಾರದ ವಯಸ್ಸಿನಲ್ಲಿ. "ಯಾರ ಮನೆಯಲ್ಲೋ ಚಹಾ ಕುಡಿದಿದ್ದರಂತೆ. ಆ ಮನೆಯವರು ಸರ್ಕಾರಕ್ಕೆ ಬೇಡದವರು," ಅಂದರು ಅಜ್ಜಿ. ಬದುಕಿ ಹೊರಗೆ ಬಂದು, ಚೀನಾದ ಹಾರ್ಬಿನ್ ಊರಿಗೆ ದಾಟಿ, ಅಲ್ಲಿ ಮದುವೆಯಾಗಿ, ಮಗಳನ್ನು ಹೆತ್ತು, ಕಡೆಗೆ ಸಿಡ್ನಿಗೆ ಬಂದು ಬಡಗಿ ಕೆಲಸಕ್ಕೆ ನಿಂತರು. ಕೋಟೆ ಕಟ್ಟಲು ಶುರು ಮಾಡಿದ್ದು ಈ ಗ್ಯಾರೇಜಿನಲ್ಲಿ.

"ಕಲ್ಲು ಹಿಡಿದು ಕೊಡುತ್ತಿದ್ದದ್ದು ನಾನು," ಅಂದರು ಅಜ್ಜಿ. "ಚಿಮಟದಲ್ಲಿ ಹಿಡಿಯಬೇಕು. ಅಪ್ಪ ಅಂಟು ಹಚ್ಚಿ ಕೂರಿಸೋರು. ಮಾತಿಲ್ಲ, ಕತೆಯಿಲ್ಲ. ಎರಡನೆಯ ಗೋಡೆ ನಡೆಯುತ್ತಿದ್ದಾಗ ನಾನು ಇಲ್ಲಿಯ ಹುಡುಗನೊಬ್ಬನನ್ನು ಮದುವೆಯಾದೆ. ಅಪ್ಪನಿಗೆ ಸರಿಬರಲಿಲ್ಲ. ಆಮೇಲೆ ಮನೆಗೆ ಬಂದು ಹೋಗೋದು ಇತ್ತು, ಆದರೆ ಈ ಗ್ಯಾರೇಜಿಗೆ ಮಾತ್ರ ಅವರು ಕರೆಯಲಿಲ್ಲ, ನಾನು ಕಾಲಿಡಲಿಲ್ಲ. ಅವರು ತೀರಿಕೊಂಡು ಮನೆ ನನ್ನ ಪಾಲಿಗೆ ಬಂದ ಮೇಲೆ ಹೊದಿಕೆ ತೆಗೆದೆ. ಈ ಕಡೆ ಖಾಲಿ ಇತ್ತು."

ತಲೆ ಪಕ್ಕಕ್ಕೆ ತಿರುಗಿಸಿ ನನ್ನ ಮುಖ ಹುಡುಕಿದರು. "ಹಿಡಿದು ಕೊಡೋ ಕೈ ಇರಲಿಲ್ಲ. ಅದಕ್ಕೇ ಕೈಬಿಟ್ಟರು. ಕಣ್ಣು ಪೂರ್ತಿ ಹೋಗೋ ಮೊದಲು ಇದು ಮುಗಿದದ್ದು ನೋಡಬೇಕು. ಆಗುತ್ತದಾ?"

ಆಗುತ್ತದೆ ಅಂದೆ. ಆಗದೇ ಇರಲು ಕಾರಣವೇ ಇರಲಿಲ್ಲ. ಆ ದ್ವೀಪಗಳ ಚಿತ್ರ ಹುಡುಕಿದರೆ ಮೊದಲು ಸಿಗುವುದೇ ಕಡಲ ಕಡೆಯ ನೋಟ. ಪ್ರವಾಸಿಗರೆಲ್ಲ ದೋಣಿಯಿಂದ ತೆಗೆಯುವ ಫೋಟೋ ಅದೇ.

ಸಾಗಿಸುವ ಕೆಲಸ ಮೊದಲು. ಇಂಥ ವಸ್ತುವಿನಲ್ಲಿ ಅಪಾಯ ಬೀಳುವುದರಿಂದಲ್ಲ, ನಡುಗುವುದರಿಂದ. ಸಿಡ್ನಿಯಿಂದ ಮೆಲ್ಬರ್ನಿಗೆ ಇಡೀ ಒಂದು ಹಗಲಿನ ಹೆದ್ದಾರಿ, ಅಷ್ಟು ಹೊತ್ತೂ ವ್ಯಾನು ನಡುಗುತ್ತದೆ, ಹಳೆಯ ಅಂಟು ಬಿಡುತ್ತಾ ಹೋಗುತ್ತದೆ. ಅದಕ್ಕೆ ಮೊದಲು ಗೋಡೆಗಳಿಗೆ ತೆಳ್ಳನೆಯ ಜಪಾನಿ ಕಾಗದದ ಪಟ್ಟಿಗಳನ್ನು ಗಂಜಿಯಂಥ ತಿಳಿ ಅಂಟಿನಲ್ಲಿ ಮೆತ್ತಿದೆ. ಕಲ್ಲು ಸಡಿಲವಾದರೂ ಕಾಗದ ಹಿಡಿದಿರುತ್ತದೆ, ಆಮೇಲೆ ಒದ್ದೆ ಹತ್ತಿ ತಾಗಿಸಿದರೆ ಕಾಗದ ಬಂದುಬಿಡುತ್ತದೆ. ತಳದ ಹಲಗೆಯ ಕಾಲುಗಳನ್ನು ಬಿಚ್ಚಿ, ಅದನ್ನು ಫೋಮಿನ ದಿಂಬುಗಳ ಮೇಲೆ ತೇಲುವಂತೆ ಒಂದು ಪೆಟ್ಟಿಗೆಯೊಳಗೆ ಕೂರಿಸಿದೆ.

ಹೊರಗೆ ತರುವಾಗ ಬೀದಿಯ ನಾಲ್ಕು ಮನೆಯ ಗಂಡಸರು ಬಂದರು. ಹುಬ್ಬಳ್ಳಿ ಅಕ್ಕ ಮುಂದೆ ನಿಂತು ಹಿಂದಿ, ಇಂಗ್ಲಿಷ್, ಕನ್ನಡ ಮೂರರಲ್ಲೂ ಆಜ್ಞೆ ಕೊಡುತ್ತಿದ್ದರು. ಎಡಗಡೆ ಹಿಡಿದಿದ್ದ ತಮ್ಮ ಗಂಡನಿಗೆ ಮಾತ್ರ ಕನ್ನಡ: "ಸೊಂಟ ಬಗ್ಗಸ್ರಿ, ಕೋಟೆ ಬಗ್ಗಸಬ್ಯಾಡ್ರಿ!"

ವ್ಯಾನು ಹೊರಡುವ ಮುಂಚೆ ಒಂದು ಗಂಟು ತಂದು ನನ್ನ ಪಕ್ಕದ ಸೀಟಿನಲ್ಲಿಟ್ಟರು. ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. "ದಾರ್ಯಾಗ ಆ ಬರ್ಗರ್ ಪರ್ಗರ್ ತಿಂದು ನಿದ್ದಿ ಮಾಡೀರಿ ಮತ್ತ. ಅಜ್ಜಿ ಕೋಟೆ ಐತಿ ಹಿಂದ."

ದಾರಿಯಲ್ಲಿ ರಸ್ತೆ ಕಿತ್ತು ಹಾಕಿದ್ದ ಒಂದು ಕಡೆ, ಎಷ್ಟು ನಿಧಾನ ಮಾಡಿದರೂ, ಹಿಂದೆ ಕಡಲೆ ಹುರಿದಂಥ ಸದ್ದು ಕೇಳಿಸಿತು. ವ್ಯಾನು ಪಕ್ಕಕ್ಕೆ ಹಾಕಿ ಪೆಟ್ಟಿಗೆ ತೆರೆದೆ. ಮೂಲೆಯ ಒಂದು ಬುರುಜಿಗೆ ಕಾಗದ ಹಿಡಿದಿರಲಿಲ್ಲ. ಗ್ಯಾರೇಜಿನ ಆ ಮೂಲೆಯಲ್ಲಿ ತೇವ ಇತ್ತು, ನಾನು ಹಚ್ಚಿದ ಅಂಟು ಒಣಗಿಯೇ ಇರಲಿಲ್ಲ. ಬುರುಜಿನ ಅರ್ಧ ಮೈ ಕಲ್ಲು ಉದುರಿ ಪೆಟ್ಟಿಗೆಯ ತಳದಲ್ಲಿ ರಾಶಿ ಬಿದ್ದಿತ್ತು. ಏನೂ ಒಡೆದಿರಲಿಲ್ಲ. ಆದರೆ ಯಾವ ಕಲ್ಲು ಎಲ್ಲಿಯದು ಅನ್ನುವುದು ಹೋಗಿತ್ತು. ಹೊರಡುವ ಮೊದಲು ತೆಗೆದಿದ್ದ ಫೋಟೋಗಳಿದ್ದವು ಅನ್ನುವುದೊಂದೇ ಧೈರ್ಯ. ಆ ಧೈರ್ಯದ ಮೇಲೆ ಎರಡು ರೊಟ್ಟಿ ತಿಂದೆ.

ಮನೆಗೆ ಬಂದಾಗ ನನ್ನ ಹೆಂಡತಿ ಶೆಡ್ಡಿಗೆ ಬಂದು ನೋಡಿದಳು. ಅವಳು ಬೆಂಗಳೂರಿನವಳು, ಡಾಕ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಿನಲ್ಲಿ ಕೆಲಸ. "ಏನ್ರೀ ಇದು, ಸಿಡ್ನಿಗೆ ಹೋಗಿ ಕಲ್ಲು ತಗೊಂಡ್ ಬಂದಿದೀರಾ? ಇಲ್ಲಿ ಕಮ್ಮಿ ಇತ್ತಾ?"

"ಇದು ರಶಿಯಾದ ಜೈಲು."

"ಇದೊಂದು ಬಾಕಿ ಇತ್ತು ನೋಡಿ," ಅಂದು ಟಾರ್ಚು ಹಿಡಿದು ಒಳಗಿನ ಇಗರ್ಜಿಗಳನ್ನು ಒಂದೊಂದಾಗಿ ನೋಡುತ್ತಾ ಅಲ್ಲೇ ಕೂತುಬಿಟ್ಟಳು.

ಉದುರಿದ ಕಲ್ಲುಗಳನ್ನು ಮರಳು ಹರಡಿದ ತಟ್ಟೆಯಲ್ಲಿ ಇಟ್ಟು, ಫೋಟೋ ದೊಡ್ಡದು ಮಾಡಿ, ಒಂದೊಂದಕ್ಕೆ ಅದರ ಜಾಗ ಹುಡುಕಿದೆ. ಅಂಟಿಸಲು ಹಳೆಯ ಕಾಲದ ಬಡಗಿ ಅಂಟು, ಚರ್ಮ ಮೂಳೆ ಕುದಿಸಿ ಮಾಡುವಂಥದ್ದು. ಅಜ್ಜಿಯ ತಂದೆ ಬಳಸಿದ್ದೂ ಅದನ್ನೇ. ಬಿಸಿನೀರು ತಾಗಿದರೆ ಅದು ಬಿಟ್ಟುಕೊಡುತ್ತದೆ. ನಮ್ಮ ಕೆಲಸದ ಮೊದಲ ನಿಯಮ ಅದು: ನಾನು ಮಾಡಿದ್ದನ್ನು ನನ್ನ ನಂತರದವನು ಬಿಚ್ಚಲು ಆಗಬೇಕು.

ಆ ನಿಯಮ ನನ್ನನ್ನೇ ಉಳಿಸಿತು. ಕಲ್ಲುಗಳಲ್ಲಿ ಕೆಲವಕ್ಕೆ ಕೇಸರಿ ಬಣ್ಣ ಸವರಿತ್ತು. ಫೋಟೋದಲ್ಲಿ ಆ ಬುರುಜು ನೆರಳಿನಲ್ಲಿದ್ದದ್ದರಿಂದ ಬಣ್ಣದ ಕಡೆ ಯಾವ ದಿಕ್ಕಿಗಿತ್ತು ಅನ್ನುವುದು ತಿಳಿಯುತ್ತಿರಲಿಲ್ಲ. ನನಗೇನೂ ಅನುಮಾನ ಬರಲಿಲ್ಲ. ಮಠದ ಗೋಡೆ, ಗುಂಡುಕಲ್ಲು, ಅದರ ಮೇಲೆ ಕೇಸರಿ. ನಮ್ಮ ಕಡೆ ಹುಟ್ಟಿದವನಿಗೆ ಇನ್ನೇನು ಹೊಳೆಯಬೇಕು? ಸಿಂಧೂರ. ಅಲ್ಲಿಯ ಸ್ವಾಮಿಗಳೂ ಕಲ್ಲಿಗೆ ಸಿಂಧೂರ ಹಚ್ಚುತ್ತಿದ್ದರು, ಪಾಪ, ಎಷ್ಟು ದೂರದ ಜನ, ಎಷ್ಟು ನಮ್ಮಂಥವರು ಅಂದುಕೊಂಡು ಮನಸ್ಸು ತುಂಬಿಬಂತು. ದೇವರು ಜನರ ಕಡೆಗಲ್ಲದೆ ಗೋಡೆಯ ಕಡೆಗೆ ಮುಖ ಮಾಡುವುದುಂಟೆ? ಕೇಸರಿ ಇದ್ದ ಕಲ್ಲುಗಳನ್ನೆಲ್ಲ ಬಣ್ಣ ಮುಂದೆ ಬರುವಂತೆ, ಮಟ್ಟಸವಾಗಿ, ಸಾಲು ಹಿಡಿದು ಕೂರಿಸಿದೆ. ಕೂರಿಸುವ ಮೊದಲು ಚಪ್ಪಲಿ ಬಿಟ್ಟಿದ್ದೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಅಷ್ಟರಲ್ಲಿ ಅಜ್ಜಿ ಮೆಲ್ಬರ್ನಿಗೆ ಬಂದು ಮಗಳ ಮನೆ ಸೇರಿದ್ದರು. ಮಗಳು ಕಾರಿನಲ್ಲಿ ಶೆಡ್ಡಿಗೆ ಕರೆತಂದಳು. ಅಜ್ಜಿ ಭೂತಗನ್ನಡಿ ಹಿಡಿದು, ತಲೆ ಓರೆ ಮಾಡಿ, ಬುರುಜಿನ ಮೈಯನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು.

"ಈ ಗೋಡೆಗೆ ಏನಾಗಿದೆ? ಸಿಡುಬು ಎದ್ದಿದೆಯಾ?"

ನಾನು ಹೆಮ್ಮೆಯಿಂದ ಸಿಂಧೂರದ ವಿಷಯ ಹೇಳಿದೆ. ನಮ್ಮ ಊರುಗಳಲ್ಲಿ ಹನುಮಪ್ಪನಿಗೆ ಹೇಗೆ ಹಚ್ಚುತ್ತಾರೆ ಅನ್ನುವುದನ್ನು ಕೈಸನ್ನೆ ಮಾಡಿ ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿದರು. ಆಮೇಲೆ ಸ್ಟೂಲಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಅದು ದೇವರಲ್ಲ ಮಗು. ಕಲ್ಲಿನ ಮೇಲೆ ತಾನಾಗಿ ಬೆಳೆಯುತ್ತದಲ್ಲ, ಹಪ್ಪಳದ ಹಾಗೆ, ಅದು. ಆ ಗೋಡೆಗಳ ತುಂಬ ಅದೇ ಅಂತೆ. ಅಪ್ಪ ಹೇಳೋರು, ಆ ದ್ವೀಪದಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಬೆಳೆದದ್ದು ಅದೊಂದೇ."

ಕಲ್ಲುಹೂವು! ನಮ್ಮ ಮನೆಯ ಮಸಾಲೆ ಡಬ್ಬಿಯಲ್ಲಿ ಇರುವ ಕಲ್ಲುಹೂವಿನ ಜಾತಿ. ಫೋನಿನಲ್ಲಿ ಹುಬ್ಬಳ್ಳಿ ಅಕ್ಕನಿಗೆ ಹೇಳಿದರೆ, "ಅಯ್ಯ ಶಿವನ! ಮಸಾಲಿಗೆ ಕೈ ಮುಗದೀರಲ್ರೀ!" ಅಂದು ಅವರೂ ನಕ್ಕರು. ಬಿಸಿನೀರಿನ ಹತ್ತಿ ಹಿಡಿದು ಎಲ್ಲ ಬಿಚ್ಚಿದೆ. ಅಜ್ಜಿ ದಿನವೂ ಬಂದು ಪಕ್ಕದಲ್ಲಿ ಕೂತರು. ಯಾವ ಕಲ್ಲಿನ ಕೇಸರಿ ಮೇಲಕ್ಕೆ, ಯಾವುದು ಸಂದಿಗೆ ಅನ್ನುವುದನ್ನು ಕಲ್ಲನ್ನು ಬೆರಳಲ್ಲಿ ಉರುಳಿಸಿ ಹೇಳುತ್ತಿದ್ದರು. ಆ ಗೋಡೆಗೆ ಅವರೇ ಹಿಡಿದು ಕೊಟ್ಟಿದ್ದ ಕಲ್ಲುಗಳು ಅವು.

ಆಮೇಲೆ ಕಡಲ ಕಡೆಯ ಗೋಡೆ. ಸಭಾಭವನದ ಕಾರ್ಯದರ್ಶಿ ದಿನ ಗೊತ್ತುಮಾಡಿದ್ದರು. ವಾರಕ್ಕೊಮ್ಮೆ ಫೋನು ಮಾಡಿ, "ಕಡಲ ಕಡೆ ಚೆನ್ನಾಗಿ ಬರಬೇಕು, ಜನಕ್ಕೆ ಗುರುತು ಸಿಗುವುದೇ ಅದು," ಅನ್ನುತ್ತಿದ್ದರು. ತೋಟದ ಸಾಮಾನು ಮಾರುವ ಅಂಗಡಿಯಿಂದ ನದಿಕಲ್ಲು ತಂದು ಜರಡಿ ಹಿಡಿದು, ಗಾತ್ರಕ್ಕೊಂದು ಡಬ್ಬಿ ಮಾಡಿದೆ. ಮರಳಿನ ದೊಡ್ಡ ಹಾಸಿನ ಮೇಲೆ ಇಡೀ ಗೋಡೆಯನ್ನು ಮಲಗಿಸಿದಂತೆ ಕಲ್ಲು ಜೋಡಿಸಿದೆ. ಬಾಗಿಲ ಕಮಾನು, ಫಿರಂಗಿಯ ತೂತುಗಳು, ಬುರುಜಿನ ತಿರುವು. ಈ ಸಲ ಕೇಸರಿಯನ್ನು ಸರಿಯಾದ ಕಡೆ ಇಟ್ಟೆ. ಅಜ್ಜಿ ಅದರ ಮೇಲೆ ಅಂಗೈ ಆಡಿಸಿ, "ಅಪ್ಪನ ಕೈ ಹಾಗೇ ಇದೆ," ಅಂದರು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿರಲಿಲ್ಲ.

ಉಳಿದದ್ದು ಬೋಳು ಹಲಗೆಯನ್ನು ತಯಾರು ಮಾಡುವುದು. ನುಣುಪಾದ ಮೈಗೆ ಅಂಟು ಕಚ್ಚುವುದಿಲ್ಲ. ನಮ್ಮ ಕಡೆ ಗೋಡೆಗೆ ಗಿಲಾವು ಮಾಡುವ ಮೊದಲು ಕಚ್ಚು ಹೊಡೆಯುವುದಿಲ್ಲವೇ, ಹಾಗೆ. ಅಜ್ಜಿಯ ತಂದೆ ಮಾಡಿದ್ದೂ ಹಾಗೇ. ಬುರುಜಿನಲ್ಲಿ ಕಲ್ಲು ಉದುರಿದ ಕಡೆ ನೋಡಿದ್ದೆ, ಮರದ ಮೇಲೆ ಚಾಕುವಿನಿಂದ ಅಡ್ಡ ಉದ್ದ ಗೀರಿ, ಚಾಪೆ ಹೆಣೆದಂತೆ ಮಾಡಿದ್ದರು. ನಾನೂ ಚಾಕು ತೆಗೆದುಕೊಂಡು ಬೋಳು ಹಲಗೆಯ ಮುಂದೆ ಕೂತೆ. ಎಲ್ಲಿಂದ ಶುರು ಮಾಡಲಿ ಎಂದು ಅಂಗೈ ಸವರಿದೆ.

ಕೈ ಜಾರಿತು. ಊಟದ ಮೇಜಿನ ಮೇಲೆ ಜಾರಿದ ಹಾಗೆ.

ಕಲ್ಲು ಕೂರಿಸಬೇಕಾದ ಹಲಗೆಯನ್ನು ಯಾವ ಬಡಗಿಯೂ ಇಷ್ಟು ನುಣುಪು ಮಾಡುವುದಿಲ್ಲ. ಮೂರು ಗೋಡೆಗೆ ಗೀರಿದವರು ನಾಲ್ಕನೆಯದಕ್ಕೆ ಉಜ್ಜು ಕಾಗದ ಹಿಡಿದು ಗಂಟೆಗಟ್ಟಲೆ ಯಾಕೆ ಉಜ್ಜಿದರು? ಚಾಕು ಕೆಳಗಿಟ್ಟೆ. ಶೆಡ್ಡಿನ ಬಾಗಿಲು ಎಳೆದು ಕತ್ತಲು ಮಾಡಿ ನೇರಳಾತೀತ ಬೆಳಕಿನ ಯುವಿ ಟಾರ್ಚು ಹಚ್ಚಿದೆ. ಅರಗಿನ ಪಾಲಿಶ್ ಆ ಬೆಳಕಿನಲ್ಲಿ ಕೆಂಡದ ಹಾಗೆ ಹೊಳೆಯುತ್ತದೆ. ಕಲ್ಲಿನ ಗೋಡೆಗಳ ಮೇಲೆ ತೆಳುವಾಗಿ ಹೊಳೆಯಿತು. ಬೋಳು ಹಲಗೆಯ ಮೇಲೂ ಹೊಳೆಯಿತು. ಕಲ್ಲು ಉದುರದೆ ಉಳಿದಿದ್ದ ಮೂಲೆಗೆ ಬಂದೆ. ಬುರುಜಿನ ಕೊನೆಯ ಕಲ್ಲಿನ ಮೇಲೆ ಶುರುವಾದ ಕುಂಚದ ಗೆರೆ ತುಂಡಾಗದೆ ಬೋಳು ಹಲಗೆಯ ಮೇಲೆ ಹರಿದುಹೋಗಿತ್ತು. ಒಂದೇ ಉಸಿರಿನ ಗೆರೆ.

ಬಾಗಿಲು ತೆರೆದು ಕೆಳಗಿನ ಅಂಚುಪಟ್ಟಿ ನೋಡಿದೆ. ಗೋಡೆಯ ಬುಡದಲ್ಲಿ ಸುತ್ತಲೂ ಒಂದು ಮರದ ಪಟ್ಟಿ ಹೊಡೆದಿದ್ದರು. ಮೂರು ಕಡೆ ಅದು ಕಲ್ಲಿನ ದಪ್ಪದಷ್ಟು ಮುಂದೆ ನಿಂತಿತ್ತು. ನಾಲ್ಕನೆಯ ಕಡೆ ಹಲಗೆಗೆ ಅಂಟಿಕೊಂಡಂತೆ ಇತ್ತು. ಮೊದಲ ದಿನವೇ ಇದನ್ನು ನೋಡಿದ್ದೆ, ಯಾರೋ ಆಮೇಲೆ ತಾತ್ಕಾಲಿಕವಾಗಿ ಹೊಡೆದಿರಬೇಕು, ಕಿತ್ತು ಮುಂದೆ ಸರಿಸಿದರಾಯಿತು ಅಂದುಕೊಂಡಿದ್ದೆ. ಆದರೆ ಮೊಳೆ ಅವೇ, ಪಾಲಿಶ್ ಅದೇ, ಮೂಲೆಗಳಲ್ಲಿ ಕೂದಲು ತೂರದಷ್ಟು ಸರಿಯಾದ ಜೋಡಣೆ. ಆ ಕಡೆ ಕಲ್ಲಿಗೆ ಅವರು ಜಾಗವನ್ನೇ ಬಿಟ್ಟಿರಲಿಲ್ಲ.

ಅವರು ಕೈಬಿಟ್ಟದ್ದಲ್ಲ. ಮುಗಿಸಿದ್ದರು.

ಆ ಸಂಜೆ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ.

"ಹಾಗಾದ್ರೆ ಯಾಕೆ ಖಾಲಿ ಬಿಟ್ರು?"

"ಗೊತ್ತಿಲ್ಲ."

"ಗೊತ್ತಿಲ್ದೇ ಹೋಗಿ ಆ ಅಜ್ಜಿ ಹತ್ರ ಏನಂತ ಹೇಳ್ತೀರಾ? ಅವ್ರು ನೋಡ್ಬೇಕು ಅಂತ ಕಾಯ್ತಿದಾರೆ. ಕಣ್ಣು ಬೇರೆ ಹಾಗಿದೆ. ಕಲ್ಲು ರೆಡಿ ಇದೆ, ಅಂಟಿಸಿಬಿಟ್ರೆ ಮುಗೀತು. ಖುಷಿಯಾಗಿ ಇರ್ತಾರೆ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಂಟಿಸಿಬಿಟ್ಟರೆ ಅಜ್ಜಿಗೂ ಸಂತೋಷ, ಕಾರ್ಯದರ್ಶಿಗೂ ಸಂತೋಷ, ನನ್ನ ಕೈಯೂ ಚೆನ್ನಾಗಿದೆ ಅನ್ನಿಸಿಕೊಳ್ಳುತ್ತಿತ್ತು. ಹಾಗೆ ಮಾಡಿದರೆ ನಾನು ಅಂಟಿಸಿದ ಪ್ರತಿ ಕಲ್ಲೂ ಅಜ್ಜಿಯ ನಂಬಿಕೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತಿತ್ತು: ನಾನು ಬಿಟ್ಟುಹೋದೆ, ಅಪ್ಪ ಕೈಬಿಟ್ಟರು, ಯಾರೋ ಬಂದು ತುಂಬಿಸಬೇಕಾಯಿತು. ಕಲ್ಲನ್ನಾದರೆ ಬಿಸಿನೀರು ಹಾಕಿ ಬಿಡಿಸಬಹುದು.

"ಹೇಳ್ತೀನಿ," ಅಂದೆ. "ಹೇಳಿದ ಮೇಲೂ ಅಂಟಿಸು ಅಂದ್ರೆ ಅಂಟಿಸ್ತೀನಿ."

ಹೆಂಡತಿ ನನ್ನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. "ಸರಿ. ಆದ್ರೆ ಫೋನಲ್ಲಿ ಹೇಳ್ಬೇಡಿ. ಕರೆಸಿ."

ಮಾರನೆಯ ದಿನ ಅಜ್ಜಿ ಬಂದರು. ಮಗಳು ಕಾರು ನಿಲ್ಲಿಸುವಷ್ಟರಲ್ಲಿ, "ಅಂಟು ಹಚ್ಚಿದೆಯಾ?" ಅಂತ ಬಾಗಿಲಲ್ಲೇ ಕೇಳಿದರು. ಇಲ್ಲ ಅಂದೆ. ಯುವಿ ಬೆಳಕು ಅವರ ಕಣ್ಣಿಗೆ ಉಪಯೋಗವಿರಲಿಲ್ಲ. ಬುರುಜಿನ ಹಿಂಬದಿಯಲ್ಲಿ ಕಲ್ಲು ಕೂರಿಸಲು ಇನ್ನೂ ಬಾಕಿ ಇದ್ದ ಒಂದು ಜಾಗವಿತ್ತು. ಅವರ ಬೆರಳುಗಳನ್ನು ಅಲ್ಲಿಗೆ ಒಯ್ದೆ.

"ಗೀರಿದ್ದಾರೆ," ಅಂದರು. "ಹೌದು. ಗೀರೋರು. ಅಂಟು ಕಚ್ಚಲಿ ಅಂತ."

ಅದೇ ಬೆರಳುಗಳನ್ನು ಬೋಳು ಹಲಗೆಯ ಮೇಲಿಟ್ಟೆ. ಬೆರಳು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ಮತ್ತೆ ಬಂತು. ಕೆಳಗಿನ ಪಟ್ಟಿಗೆ ಇಳಿಯಿತು. ಕಲ್ಲಿನ ಕಡೆಯ ಪಟ್ಟಿಯ ಅಂತರವನ್ನು ಉಗುರಿನಲ್ಲಿ ಅಳೆದು, ಈ ಕಡೆ ಅಂತರವೇ ಇಲ್ಲದ್ದನ್ನು ತಿಳಿದುಕೊಂಡಿತು. ಬಡಗಿಯ ಮಗಳು, ಅವರಿಗೆ ಯಾವುದನ್ನೂ ಬಿಡಿಸಿ ಹೇಳಬೇಕಾಗಲಿಲ್ಲ.

"ಪಾಲಿಶ್ ಹಾಕಿದ್ದಾರೆ," ಅಂದರು.

"ನಾಲ್ಕೂ ಕಡೆ. ಒಂದೇ ಸಲಕ್ಕೆ. ಎಲ್ಲ ಮುಗಿದ ಮೇಲೆ."

ಮಗಳು ಒಳಗೆ ಬಂದು, ತಾಯಿಯ ಮುಖ ನೋಡಿ ಅಲ್ಲೇ ನಿಂತಳು. ಅಜ್ಜಿ ಸ್ಟೂಲಿನ ಮೇಲೆ ಕೂತರು. ನಾನು ಚಹಾಕ್ಕೆ ನೀರಿಟ್ಟೆ. ಕೈಗೆ ಏನಾದರೂ ಕೆಲಸ ಬೇಕಿತ್ತು.

"ಅಪ್ಪ ಆ ಕಡೆ ನೋಡಿರಲಿಲ್ಲ," ಅಂದರು ಅಜ್ಜಿ, ಇದ್ದಕ್ಕಿದ್ದಂತೆ.

ನಾವಿಬ್ಬರೂ ತಿರುಗಿದೆವು.

"ನೀರು ಹೆಪ್ಪುಗಟ್ಟುವ ಮುಂಚಿನ ಕಡೆಯ ಹಡಗಿನಲ್ಲಿ ಕರೆದುಕೊಂಡು ಹೋಗಿದ್ದರಂತೆ. ಹಡಗಿನ ಹೊಟ್ಟೆಯೊಳಗೆ, ಮೀನಿನ ಹಾಗೆ ತುಂಬಿ. ಇಳಿಸಿದ್ದು ಕತ್ತಲಲ್ಲಿ, ತಲೆ ಎತ್ತಿದರೆ ಏಟು. ಆಮೇಲೆ ಅಪ್ಪನ ಗುಂಪಿಗೆ ಕೆಲಸ ಕಾಡಿನ ಕಡೆ, ಕೆರೆಯ ಕಡೆ. ಕಡಲ ಕಡೆಗೆ ಬಿಡುತ್ತಿರಲಿಲ್ಲ. ವಾಪಸು ಕಳಿಸಿದ್ದೂ ಹಡಗಿನ ಹೊಟ್ಟೆಯಲ್ಲೇ. ಇಲ್ಲಿ ಯಾರಾದರೂ ಆ ದ್ವೀಪದ ಪೋಸ್ಟ್ ಕಾರ್ಡ್ ತೋರಿಸಿದರೆ ಅಪ್ಪ ಹೇಳೋರು, ಇದು ಎಷ್ಟು ಚಂದದ ಊರು, ನಾನು ಇಲ್ಲಿಗೆ ಹೋಗೇ ಇಲ್ಲ ಅಂತ. ನಾವೆಲ್ಲ ತಮಾಷೆ ಅಂದುಕೊಂಡು ನಗುತ್ತಿದ್ದೆವು."

ಮಗಳು, "ಅಮ್ಮಾ, ಇದು ನನಗೆ ಯಾವತ್ತೂ ಹೇಳಿರಲಿಲ್ಲ," ಅಂದಳು.

"ನನಗೇ ನಾನು ಹೇಳಿಕೊಂಡಿರಲಿಲ್ಲ ಕಣೇ," ಅಂದರು ಅಜ್ಜಿ. ಕಣ್ಣು ಒರೆಸಿಕೊಳ್ಳಲಿಲ್ಲ, ಹಾಗೇ ಬಿಟ್ಟರು. ಆಮೇಲೆ ನನ್ನ ಕಡೆ ಓರೆಯಾಗಿ ತಿರುಗಿ, ಅಂಗಡಿಯವನಿಗೆ ಹೇಳುವ ಧಾಟಿಯಲ್ಲಿ, "ಆ ಕಲ್ಲುಗಳನ್ನು ತೆಗೆದುಬಿಡು. ಚಹಾ ಆಯಿತಾ?" ಅಂದರು.

ಕಾರ್ಯದರ್ಶಿಯನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಶೆಡ್ಡಿಗೆ ಬಂದು ಸುತ್ತ ಸುತ್ತ ತಿರುಗಿದರು. ಒಳ್ಳೆಯ ಮನುಷ್ಯರೇ, ಅವರಿಗೆ ಅವರ ಜನರ ಮುಂದೆ ನಿಲ್ಲುವ ಚಿಂತೆ. "ಬರೀ ಹಲಗೆ ಇಟ್ಟರೆ ಜನ ಏನಂತಾರೆ? ಆ ನೋಟಕ್ಕೇ ಎಲ್ಲರೂ ಬರೋದು. ಕೊನೆಗೆ ಒಂದು ದೊಡ್ಡ ಫೋಟೋ ಆದರೂ ಅಂಟಿಸೋಣ."

"ನಿಮ್ಮ ಹತ್ತಿರ ಪೋಸ್ಟ್ ಕಾರ್ಡ್ ಇದೆಯಲ್ಲ, ಅದನ್ನು ಮನೆಯಲ್ಲಿ ಇಟ್ಟುಕೊಳ್ಳಿ," ಅಂದರು ಅಜ್ಜಿ. "ಇದು ನನ್ನ ಅಪ್ಪನ ಕೋಟೆ."

"ಬೋಳು ಬದಿಯನ್ನು ಭವನದ ಗೋಡೆ ಕಡೆಗಾದರೂ ತಿರುಗಿಸಿ ಇಡೋಣವೇ?"

"ಬಾಗಿಲ ಕಡೆಗೆ ಇಡಬೇಕು. ಒಳಗೆ ಬಂದವರು ಮೊದಲು ಅದನ್ನೇ ನೋಡಬೇಕು. ಇಲ್ಲದಿದ್ದರೆ ಕೋಟೆ ನನ್ನ ಮಗಳ ಮನೆಯ ಊಟದ ಮೇಜಿನ ಮೇಲೆ ಇರುತ್ತದೆ, ನಾವು ನೆಲದ ಮೇಲೆ ಕೂತು ಉಣ್ಣುತ್ತೇವೆ."

ಮಗಳ ಮುಖ ನೋಡಿದರೆ ಆ ವಿಷಯ ಅವಳ ಜೊತೆ ಮಾತಾಡಿದಂತೆ ಕಾಣಲಿಲ್ಲ. ಕಾರ್ಯದರ್ಶಿಯೂ ಅದನ್ನು ನೋಡಿದರು. ನಗು ಬಂದುಬಿಟ್ಟಿತು, ಒಪ್ಪಿಕೊಂಡರು.

ಉಳಿದ ದಿನಗಳು ಸುಮ್ಮನೆ ಕೆಲಸದ ದಿನಗಳು. ಬುರುಜಿನ ಕಡೆಯ ಕಲ್ಲುಗಳು, ಚಾವಣಿಯ ಸಡಿಲ ಪಟ್ಟಿಗಳು, ಗುಮ್ಮಟದ ಮೇಲಿನ ಮುರಿದ ಎರಡು ಶಿಲುಬೆಗಳು. ಬೋಳು ಹಲಗೆಯ ಮೇಲಿನ ಧೂಳನ್ನು ಮೆದು ಬಟ್ಟೆಯಲ್ಲಿ ತೆಗೆದೆ, ಅಷ್ಟೇ. ಹೊಸ ಪಾಲಿಶ್ ಬೇಕಿರಲಿಲ್ಲ. ನಾನು ವಾರಗಟ್ಟಲೆ ಜೋಡಿಸಿದ್ದ ಕಡಲ ಕಡೆಯ ಗೋಡೆಯನ್ನು ಹೆಂಡತಿ ಬಕೆಟಿಗೆ ತುಂಬಿಕೊಂಡು ಹೋಗಿ ಹಿತ್ತಲಿನ ಕರಿಬೇವಿನ ಕುಂಡದ ಸುತ್ತ ಸುರಿದಳು. "ಕಷ್ಟಪಟ್ಟು ಸೈಜ್ ಮಾಡಿದೀರಾ, ನೀಟಾಗಿ ಕೂತಿದೆ," ಅಂದಳು. ಕೆಲಸ ವ್ಯರ್ಥವಾಯಿತು ಅಂತ ನನಗೆ ಅನ್ನಿಸಲಿಲ್ಲ. ಅಷ್ಟು ಜೋಡಿಸದಿದ್ದರೆ ಆ ಹಲಗೆಯ ಮುಂದೆ ಚಾಕು ಹಿಡಿದು ಕೂರುತ್ತಲೇ ಇರಲಿಲ್ಲ.

ಸಭಾಭವನದ ದಿನ ಹುಬ್ಬಳ್ಳಿ ಅಕ್ಕ ಗಂಡನ ಸಮೇತ ಸಿಡ್ನಿಯಿಂದ ಬಂದಿದ್ದರು, ರೇಷ್ಮೆ ಸೀರೆ ಉಟ್ಟು. ಅಜ್ಜಿ ಅವರ ಕೈ ಹಿಡಿದುಕೊಂಡೇ ಗಾಜಿನ ಪೆಟ್ಟಿಗೆಯ ಪಕ್ಕ ನಿಂತರು. ಬಾಗಿಲು ತೆರೆದರು, ಜನ ಬಂದರು. ಬಂದವರಿಗೆಲ್ಲ ಮೊದಲು ಕಂಡದ್ದು ಮಿರುಗುವ ಬೋಳು ಹಲಗೆ, ಅದರ ಮೇಲಿಂದ ಇಣುಕುವ ಗುಮ್ಮಟಗಳು. ಕೆಲವರು ಸುತ್ತಿ ಆಚೆ ಹೋದರು. ಕೆಲವರು ಅಲ್ಲೇ ನಿಂತರು.

ಕೋಟು ಹಾಕಿದ್ದ ಒಬ್ಬ ವಯಸ್ಸಾದವರು ಬಗ್ಗಿ ನೋಡಿ, "ಚೆನ್ನಾಗಿದೆ. ಈ ಕಡೆ ಯಾವಾಗ ಮುಗಿಸುತ್ತಾರೆ?" ಅಂತ ಕೇಳಿದರು.

"ಮುಗಿದಿದೆ," ಅಂದರು ಅಜ್ಜಿ. "ಮುಗಿಸುವಾಗ ನಾನು ಮನೆಯಲ್ಲಿರಲಿಲ್ಲ, ಅಷ್ಟೆ."